ಅವರು ಹೀಗಂತಾರೆ

ಕತ್ತರಿಯಣ್ಣನ ಗಂಟಲಲ್ಲಿ ಗಡ್ಡೆ ಎದ್ದಿದೆ ಎಂಬ ಸುದ್ದಿಗೆ ಬೀದಿಯಲ್ಲಿ ಯಾರೂ ಹೌಹಾರಲಿಲ್ಲ. ಮೂವತ್ತು ವರ್ಷ ಒಂದೇ ಸಮನೆ ಕೂಗಾಡಿದ ಗಂಟಲು, ಅದರ ಮೇಲೆ ಒಂದಾದ ಮೇಲೊಂದು ಸಿಗರೇಟು. ತಗಡಿನದಾಗಿದ್ದರೂ ಇಷ್ಟು ಹೊತ್ತಿಗೆ ತೂತು ಬೀಳುತ್ತಿತ್ತು ಎಂದರು. ಅವನದು ಬಸ್ ನಿಲ್ದಾಣದ ತಿರುವಿನಲ್ಲಿ ಎರಡು ಕುರ್ಚಿಯ ಕ್ಷೌರದಂಗಡಿ. ಒಂದು ಕುರ್ಚಿಗೆ ಅವನು, ಇನ್ನೊಂದಕ್ಕೆ ಮಗ. ಗಿರಾಕಿಯ ತಲೆ ಒಂದು ಕೈಯಲ್ಲಿ, ಕತ್ತರಿ ಇನ್ನೊಂದರಲ್ಲಿ, ಬಾಯಿ ಮಾತ್ರ ಊರ ಮೇಲೆ. ಯಾರ ಮನೆ ಹರಾಜಿಗೆ ಬಂತು, ಯಾರ ಅಳಿಯ ಕೆಲಸ ಬಿಟ್ಟು ಕೂತ, ಎಲ್ಲ ಅಲ್ಲೇ ತಿಳಿಯಬೇಕು. ಬಂದವರಲ್ಲಿ ಅರ್ಧ ಜನ ಕೂದಲಿಗೆ ಬಂದರೆ ಉಳಿದರ್ಧ ಅವನ ಮಾತಿಗೆ ಬರುತ್ತಿದ್ದರು.

ಅದೇ ಬಾಯಿ ಮನೆಗೆ ಬರುವಾಗ ಹುಳಿಯಾಗಿ ಬರುತ್ತಿತ್ತು. ಅನ್ನ ಮೆತ್ತಗಾದರೆ ಬೈಗುಳ, ಉದುರಾದರೆ ಬೈಗುಳ, ಹದವಾಗಿದ್ದರೆ ಇವತ್ತೇನು ಸೂರ್ಯ ಆ ಕಡೆ ಹುಟ್ಟಿದನೋ ಎಂಬ ಕೊಂಕು. ಹೆಂಡತಿಗೆ ಮೆಲ್ಲಕ್ಕ ಎಂಬ ಹೆಸರು ಅಂಟಿದ್ದೂ ಅವನಿಂದಲೇ. "ನಮ್ಮವಳು ಮಾತಾಡಿದ್ರೆ ಪಕ್ಕದಲ್ಲಿ ಕೂತ ನೊಣಕ್ಕೂ ಕೇಳಲ್ಲ" ಎಂದು ಅಂಗಡಿಯಲ್ಲಿ ನಗಾಡಿದ್ದ. ಗಿರಾಕಿಗಳು ಆ ಹೆಸರನ್ನು ಜೋಪಾನವಾಗಿ ಹೊತ್ತು ತಂದು ಅವಳ ಮನೆ ಬಾಗಿಲಿಗೆ ಮುಟ್ಟಿಸಿದರು. ಅವಳ ದನಿ ಸಣ್ಣದು ಎಂಬುದು ನಿಜವಲ್ಲ. ಮಾತಾಡಲು ಅವಳಿಗೆ ಸಂದು ಸಿಗುತ್ತಿರಲಿಲ್ಲ, ಅಷ್ಟೇ.

ಮಗನಿಗೆ ಅಂಗಡಿಯನ್ನು ಹೊಸದು ಮಾಡುವ ಆಸೆ. ಎತ್ತರಿಸಿ ಇಳಿಸುವ ಕುರ್ಚಿ ತರಬೇಕು, ಗೋಡೆಯುದ್ದ ಕನ್ನಡಿ ಹೊಡೆಸಬೇಕು, ಕೂದಲಿಗೆ ಬಣ್ಣ ಹಾಕುವ ಕೆಲಸ ಶುರು ಮಾಡಬೇಕು.

"ಗಂಡಸರ ತಲೆಗೆ ಬಣ್ಣ ಬಳಿಯೋಕೆ ನನ್ನ ಅಂಗಡಿ ಏನು ನಾಟಕದ ಕಂಪನೀನಾ?" ಎಂದ ಅಪ್ಪ.

"ನಿಮ್ಮ ಕಾಲದ ಗಿರಾಕಿಗಳು ಇನ್ನೆಷ್ಟು ದಿನ ಬರ್ತಾರಪ್ಪಾ? ಅರ್ಧ ಜನಕ್ಕೆ ಕೂದಲೇ ಉಳಿದಿಲ್ಲ" ಎಂದ ಮಗ.

ಕೂತಿದ್ದವರು ನಕ್ಕರು. ನಕ್ಕಿದ್ದೇ ಕೆಟ್ಟಿತು. ನೊರೆ ಬಳಿಸಿಕೊಂಡು ಕೂತ ಗಿರಾಕಿಯ ಎದುರಿಗೇ ಕತ್ತರಿಯಣ್ಣ ಮಗನ ಕೆನ್ನೆಗೆ ಬಾರಿಸಿದ. ಮದುವೆಯಾದ ಮಗ. ಆವತ್ತಿನಿಂದ ಅಪ್ಪ ಮಗನ ನಡುವೆ ಮಾತು ನಿಂತಿತು. ಒಬ್ಬ ಉಂಡೆದ್ದ ಮೇಲೆ ಇನ್ನೊಬ್ಬ ತಟ್ಟೆಗೆ ಕೂರುತ್ತಿದ್ದ. ಮಗ ಸೊಸೆ ಸೇರಿ ಆಚೆ ಬೀದಿಯಲ್ಲಿ ಎರಡು ಕೋಣೆಯ ಮನೆ ನೋಡಿಟ್ಟರು. ಆ ಸುದ್ದಿ ಕೇಳಿ ಮೆಲ್ಲಕ್ಕ ಲೆಕ್ಕ ಹಾಕಿದಳು. ಇವರಿಬ್ಬರು ಹೋದರೆ ಉಳಿಯುವುದು ಎರಡು ತಟ್ಟೆ, ಎದುರಿಗೆ ಆ ಬಾಯಿ. ಸಾಯುವ ತನಕ ಅದೇ. ಅವಳಿಗೆ ಬೇರೇನೂ ಬೇಕಿರಲಿಲ್ಲ. ಮಗ ಮನೆ ಬಿಟ್ಟು ಹೋಗಬಾರದು, ಅಷ್ಟೇ.

ಗಡ್ಡೆ ಅಂಥ ಹೊತ್ತಿಗೆ ಸರಿಯಾಗಿ ಬಂತು.

ಡಾಕ್ಟರು ಸುತ್ತಿಬಳಸದೆ ಹೇಳಿದರು. "ಧ್ವನಿಪೆಟ್ಟಿಗೆ ಉಳಿಸೋಕಾಗಲ್ಲ, ಪೂರ್ತಿ ತೆಗೀಬೇಕು. ಅನ್ನ ಇಳಿಯೋ ದಾರೀನೂ ಸ್ವಲ್ಪ ಹೋಗುತ್ತೆ. ಮುಂಗೈಯಿಂದ ಚರ್ಮ ತೆಗೆದು ಆ ದಾರೀನ ಮತ್ತೆ ಕಟ್ತೀವಿ. ಉಸಿರಾಟ ಇನ್ಮೇಲೆ ಕುತ್ತಿಗೇಲಿ ಮಾಡೋ ತೂತಿನಿಂದ."

"ಮಾತು?" ಎಂದಳು ಮೆಲ್ಲಕ್ಕ.

"ಸದ್ಯಕ್ಕಿಲ್ಲ. ಗಾಯ ಮಾಗಿ, ರೇಡಿಯೇಷನ್ ಎಲ್ಲ ಮುಗಿದ ಮೇಲೆ ಇನ್ನೊಂದು ಸಣ್ಣ ಆಪರೇಷನ್ ಮಾಡಿ ಒಳಗೆ, ಉಸಿರನ್ನ ಬಾಯಿಗೆ ತಿರುಗಿಸೋ ವಾಲ್ವ್ ಕೂರಿಸಬಹುದು. ಕುತ್ತಿಗೆ ತೂತನ್ನ ಬೆರಳಿಂದ ಮುಚ್ಚಿ ಮಾತಾಡೋದು ಕಲೀಬೇಕು. ಅದು ಆಮೇಲಿನ ಮಾತು."

ಕತ್ತರಿಯಣ್ಣ ಒಡೆದ ದನಿಯಲ್ಲಿ ಕೇಳಿದ್ದು ಒಂದೇ: "ಬಲಗೈ ಮುಟ್ಬೇಡಿ. ಅದು ಕತ್ತರಿ ಹಿಡಿಯೋ ಕೈ." ಸ್ವಂತ ಗಂಟಲಿನಿಂದ ಹೊರಗಿನವರ ಎದುರು ಅವನು ಆಡಿದ ಕೊನೆಯ ಮಾತು ಅದು. ಚರ್ಮವನ್ನು ಎಡಗೈಯಿಂದಲೇ ತೆಗೆದರು.

ಆಸ್ಪತ್ರೆಯಲ್ಲಿ ಅವನಿಗೊಂದು ಬರೆಯುವ ಹಲಗೆ ಕೊಟ್ಟರು. ಕತ್ತರಿಯಣ್ಣನಿಗೆ ಬರೆಯಲು ಬರುತ್ತಿದ್ದದ್ದು ರುಜು ಒಂದೇ. ಹಲಗೆಯನ್ನು ಎತ್ತಿ ನೆಲಕ್ಕೆ ಬಿಸಾಡಿದ. ತುಟಿ ಅಲ್ಲಾಡಿಸಿದರೆ ನರ್ಸಿಗೂ ತಿಳಿಯದು, ಮಗನಿಗೂ ತಿಳಿಯದು. ಮೆಲ್ಲಕ್ಕನಿಗೆ ಮಾತ್ರ ಒಂದೊಂದು ಮಾತೂ ತಿಳಿಯುತ್ತಿತ್ತು. ಮೂವತ್ತು ವರ್ಷ ಆ ಬಾಯಿ ಯಾವಾಗ ಸಿಡಿಯುತ್ತದೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದವಳು ಅವಳು. ದನಿ ಬೇಕಿರಲಿಲ್ಲ.

ಮೊದಲ ಸಲ ಮಗ ವಾರ್ಡಿನ ಬಾಗಿಲ ತನಕ ಬಂದು, ಮೂಗಿನಲ್ಲಿ ನಳಿಕೆ, ಕುತ್ತಿಗೆಯಲ್ಲಿ ತೂತು ಕಂಡು, ಅಲ್ಲಿಂದಲೇ ಹಿಂದೆ ಸರಿದ. ಕತ್ತರಿಯಣ್ಣನ ತುಟಿ ಅಲ್ಲಾಡಿತು: ಸತ್ನೋ ಬದುಕಿದ್ನೋ ನೋಡೋಕೆ ಬಂದ್ನಾ ಕತ್ತೆ?

ಮೆಲ್ಲಕ್ಕ ಹೊರಗೆ ಬಂದಾಗ ಮಗ ಗೋಡೆಗೆ ಒರಗಿ ನಿಂತಿದ್ದ. ಕಣ್ಣು ಕೆಂಪಗಾಗಿತ್ತು.

"ಏನಂದ್ರು?"

ಅವಳು ಅವನ ಮುಖ ನೋಡಿದಳು. ನಿಜ ಹೇಳಿದರೆ ಇಲ್ಲಿಂದ ನೇರ ಆ ಎರಡು ಕೋಣೆಯ ಮನೆಗೆ ಹೋಗುತ್ತಾನೆ.

"ಬಂದ್ನಾ ನನ್ನ ಮಗ, ಅಂತಾರೆ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲು ಮನಸ್ಸು ಬರಲಿಲ್ಲ. "ಅವತ್ತು ಕೈ ಎತ್ತಿದ್ದು ತಪ್ಪಾಯ್ತು ಅಂತಾರೆ. ಅಂಗಡಿ ಇನ್ನು ಅವನದೇ, ಅವನೇ ನೋಡ್ಕೊಳ್ಳಲಿ ಅಂತಾರೆ."

ಮಗ ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ. ಮನೆ ಬದಲಾಯಿಸುವ ಮಾತು ಅಲ್ಲಿಗೆ ಬಿದ್ದುಹೋಯಿತು.

ಮನೆಗೆ ಕರೆತಂದ ಮೇಲೆ ಕತ್ತರಿಯಣ್ಣ ಹಿಂದಿನ ಕೋಣೆ ಸೇರಿದ. ತೂತಿನಿಂದ ಕಫ ಬರುತ್ತದೆ, ಕೆಮ್ಮಿದರೆ ಎದುರಿದ್ದವರ ಮೇಲೆ ಸಿಡಿಯುತ್ತದೆ. ಮಗ ಸೊಸೆಯ ಎದುರು ಆ ಅವಸ್ಥೆಯಲ್ಲಿ ಕೂರಲು ಅವನಿಗೆ ಮರ್ಯಾದೆ ಅಡ್ಡ ಬಂತು. ಬಾಗಿಲು ಮುಂದಕ್ಕೆ ಹಾಕಿಕೊಂಡೇ ಇರುತ್ತಿದ್ದ. ಬೇಕಾದಾಗ ಸ್ಟೀಲ್ ಲೋಟದಿಂದ ಗೋಡೆಗೆ ಕುಟ್ಟುತ್ತಿದ್ದ. ಮೆಲ್ಲಕ್ಕ ಓಡುತ್ತಿದ್ದಳು.

ಕೆಲಸ ಒಂದೆರಡಲ್ಲ. ಬೆಳಿಗ್ಗೆ ತೂತಿನ ಸುತ್ತ ಒದ್ದೆ ಬಟ್ಟೆಯಿಂದ ಒರೆಸಬೇಕು, ಕೊರಳಿಗೆ ಕಟ್ಟುವ ಬಟ್ಟೆ ಕುದಿಸಿ ಒಣಗಿಸಬೇಕು, ಸ್ನಾನದ ನೀರು ಅಲ್ಲಿಗೆ ಹೋಗದಂತೆ ಕಾಯಬೇಕು. ತರಕಾರಿ, ಬೇಳೆ, ಅನ್ನ ಏನೇ ಬೇಯಿಸಿದರೂ ಮಿಕ್ಸಿಗೆ ಹಾಕಿ, ಜರಡಿಯಲ್ಲಿ ಸೋಸಿ ಕೊಡಬೇಕು. ಉಸಿರು ಮೂಗಿನಲ್ಲಿ ಆಡದ ಮೇಲೆ ವಾಸನೆಯೂ ತಿಳಿಯದು. ಬಿಸಿ ಚಹಾ ಊದಿ ಕುಡಿಯೋಣವೆಂದರೆ ಬಾಯಲ್ಲಿ ಗಾಳಿಯಿಲ್ಲ. ತುಟಿ ಮುಂದೆ ಮಾಡಿದರೆ ಕೊರಳ ಬಟ್ಟೆ ಅಲ್ಲಾಡುತ್ತಿತ್ತು. ಅದನ್ನು ನೋಡಿ ಮೆಲ್ಲಕ್ಕನಿಗೆ ಮರುಕ ಹುಟ್ಟುತ್ತಿತ್ತು. ಮರುಕ ಹುಟ್ಟಿದ ಗಳಿಗೆಗೇ ಅವನು ಚಹಾದ ಲೋಟ ತಳ್ಳಿ, ನಿನ್ನ ಕೈ ಸುಡಲಿ ಎಂದು ತುಟಿ ಆಡಿಸುತ್ತಿದ್ದ. ಮರುಕ ಅಲ್ಲಿಗೆ ಆರುತ್ತಿತ್ತು.

ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಸಂಜೆ ಬಂದು ಅವಳೇ ಒಲೆಯ ಮುಂದೆ ನಿಲ್ಲುತ್ತಿದ್ದಳು. ಬೇಯಿಸಿದ್ದನ್ನೆಲ್ಲ ಬೆಣ್ಣೆಯಂತೆ ಅರೆದು, ಚಮಚದಲ್ಲಿ ತೆಗೆದು, ಗಂಟಿಲ್ಲ ಎಂದು ಖಾತ್ರಿಯಾದ ಮೇಲೇ ಬಟ್ಟಲಿಗೆ ಸುರಿಯುತ್ತಿದ್ದಳು.

"ಅತ್ತೆ, ಮಾವ ಏನಂದ್ರು? ಇಳೀತಾ?"

ಮಾವ ಅಂದದ್ದು: ಮಣ್ಣು ಕಲಸಿ ಕೊಟ್ಟಿದಾಳೆ.

"ನೀನು ಈ ಮನೆಗೆ ಬಂದ ಮೇಲೇ ಊಟಕ್ಕೊಂದು ರುಚಿ ಬಂತು ಅಂತಾರೆ ಕಣಮ್ಮ."

"ಮಾವ ಹಾಗಂದ್ರಾ? ನನಗೆ ಮುಖ ಕೊಟ್ಟು ಒಂದು ಮಾತಾಡಿದವರಲ್ಲ!"

"ಕಾಯಿಲೆ ಬಂದ ಮೇಲೆ ಮೆತ್ತಗಾಗಿದಾರೆ."

ಹೀಗೆ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ. ಹಿಂದಿನ ಕೋಣೆಗೆ ಹೋಗಿ, "ಮಗ ದಿನಾ ನಿಮ್ಮನ್ನೇ ಕೇಳ್ತಾನೆ, ಅಂಗಡೀಲಿ ಎಲ್ಲಾ ನೀವಿಟ್ಟ ಹಾಗೇ ಇದೆ ಅಂತಾನೆ" ಎನ್ನುತ್ತಿದ್ದಳು. ಅಡುಗೆಮನೆಗೆ ಬಂದು, "ಅಪ್ಪ ನಿನಗೆ ಚೆನ್ನಾಗಿ ಉಣ್ಣು ಅಂತಾರೆ" ಎನ್ನುತ್ತಿದ್ದಳು. ಪಾಪ ಅನ್ನಿ, ಪುಣ್ಯ ಅನ್ನಿ, ಆ ದಿನಗಳಲ್ಲಿ ಆ ಮನೆ ಮನೆಯಾಗಿತ್ತು. ಮೂವರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಮಗ ಗಿರಾಕಿಗಳ ನಕಲು ಮಾಡಿ ತೋರಿಸುತ್ತಿದ್ದ. ಮೆಲ್ಲಕ್ಕ ನಕ್ಕದ್ದು ಪಕ್ಕದ ಮನೆಗೆ ಕೇಳಿ, ಆ ಮನೆಯಾಕೆ ಬೇಲಿಯಿಂದ ಇಣುಕಿ, "ಯಾರ್ರೀ ಬಂದಿರೋದು, ನೆಂಟರಾ?" ಎಂದು ಕೇಳಿದ್ದಳು. ಗೋಡೆಗೆ ಲೋಟ ಕುಟ್ಟಿದ ಸದ್ದು ಬಂದರೆ ಮಾತ್ರ ಅವಳ ನಗು ಅರ್ಧಕ್ಕೆ ನಿಲ್ಲುತ್ತಿತ್ತು.

ಒಂದು ದಿನ ಮಗ ಕೇಳಿದ: "ಅಮ್ಮಾ, ಅಪ್ಪನ ಹಳೇ ಕಬ್ಬಿಣದ ಕುರ್ಚಿ ತೆಗೆದು ಎರಡೂ ಹೊಸದು ಹಾಕ್ಲಾ? ಅವರನ್ನ ಕೇಳಿ ಬಾ."

ಕೇಳಿದಳು. ಕತ್ತರಿಯಣ್ಣ ಹಾಸಿಗೆಯಿಂದ ಅರ್ಧ ಎದ್ದ. ಮುಟ್ಟಿದ್ರೆ ಕೈ ಮುರೀತೀನಿ ಅನ್ನು. ನಾನು ಹೋಗಿ ನಿಂತು ಕೆಲಸ ಮಾಡೋ ಕುರ್ಚಿ ಅದು.

ಅವನು ಎಲ್ಲಿ ಹೋಗುತ್ತಾನೆ ಎಂದುಕೊಂಡಳು ಮೆಲ್ಲಕ್ಕ. ಕೂದಲ ಚೂರು, ಪೌಡರು ಆ ತೂತಿಗೆ ಹೋಗಬಾರದು ಎಂದು ಡಾಕ್ಟರೇ ಹೇಳಿದ್ದಾರೆ. ಇನ್ನು ಅಂಗಡಿಗೆ ಕಾಲಿಡುವುದು ಸುಳ್ಳು. ಒಂದು ಕುರ್ಚಿಗಾಗಿ ಮಗನ ಮುಖ ಯಾಕೆ ಸಣ್ಣದು ಮಾಡಬೇಕು?

"ನಿನ್ನಿಷ್ಟದ ಹಾಗೆ ಮಾಡು ಅಂತಾರೆ."

ಕುರ್ಚಿ ಗುಜರಿಗೆ ಹೋಯಿತು.

ಅವಳು ಹೇಳಿದ್ದೆಲ್ಲ ಕಟ್ಟುಕಥೆಯಲ್ಲ. ಒಂದು ಮಾತಿತ್ತು, ಅಚ್ಚ ನಿಜ. ರೇಡಿಯೇಷನ್ ಮುಗಿದು ಕೆಲವು ವಾರಗಳಾಗಿದ್ದವು. ಮುಖದ ತುಂಬ ಅಲ್ಲಲ್ಲಿ ಗಡ್ಡ ಗಂಟುಗಂಟಾಗಿ ಬೆಳೆದಿತ್ತು. ಕತ್ತರಿಯಣ್ಣ ತಾನೇ ಬೋಳಿಸಿಕೊಳ್ಳಲು ಹೋಗಿ, ಮುಂಗೈ ಹೊಲಿದ ಎಡಗೈಯಲ್ಲಿ ಕನ್ನಡಿ ನಿಲ್ಲದೆ, ಕೆನ್ನೆ ಕೊಯ್ದುಕೊಂಡ. ರಕ್ತ ನೋಡಿ ಮೆಲ್ಲಕ್ಕ ಮಗನನ್ನು ಕೂಗಿದಳು. ಅವನು ಒಳಗೆ ಬಂದು, ಅಪ್ಪನ ಕೈಯಿಂದ ಕತ್ತಿ ತೆಗೆದುಕೊಂಡ. ತೂತಿನ ಮೇಲೆ ತೆಳು ಬಟ್ಟೆ ಹೊದಿಸಿ, ನೊರೆ ಅತ್ತ ಜಾರದಂತೆ ಬೆರಳು ಅಡ್ಡ ಇಟ್ಟು, ಗಾಯದ ಅಂಚಿನಲ್ಲಿ ಉಸಿರು ಬಿಗಿಹಿಡಿದು ಬೋಳಿಸಿದ. ಮುದುಕನ ಕಣ್ಣು ಮುಚ್ಚಿಯೇ ಇತ್ತು. ಮುಗಿದ ಮೇಲೆ ಮಗ ಮುಖ ಒರೆಸಿ, ಬಂದ ಹಾಗೇ ಹೊರಗೆ ಹೋದ.

ಕತ್ತರಿಯಣ್ಣ ಕಣ್ಣು ಬಿಟ್ಟು ಕೆನ್ನೆಯ ಮೇಲೆ ಕೈಯಾಡಿಸಿಕೊಂಡ. ತುಟಿ ಮೆಲ್ಲಗೆ ಆಡಿತು. ನನಗಿಂತ ಹಗುರ ಕೈ ಅವನದು.

ಮೆಲ್ಲಕ್ಕ ಅಡುಗೆಮನೆಗೆ ಓಡಿದಳು. ನಲ್ಲಿಯ ಕೆಳಗೆ ಕತ್ತಿ ತೊಳೆಯುತ್ತಿದ್ದ ಮಗನಿಗೆ ಅದನ್ನೇ ಹೇಳಿದಳು, ಒಂದು ಅಕ್ಷರ ಸೇರಿಸದೆ. ಅವನು ನೀರು ನಿಲ್ಲಿಸುವುದನ್ನು ಮರೆತು ನಿಂತ.

"ನಿಜವಾಗ್ಲೂ ಹಾಗಂದ್ರಾ?"

"ನನ್ನಾಣೆ."

ಮುಂದಿನ ಸಲ ಆಸ್ಪತ್ರೆಗೆ ಸೊಸೆಯೂ ಜೊತೆಗೆ ಬಂದಳು. ಡಾಕ್ಟರು ಕೊರಳೊಳಗೆ ಬೆಳಕು ಬಿಟ್ಟು ನೋಡಿ, ಹೊಸ ದಾರಿ ಚೆನ್ನಾಗಿ ಕೂಡಿಕೊಂಡಿದೆ ಎಂದರು. "ಇನ್ನು ವಾಲ್ವ್ ಹಾಕಬಹುದು. ಮಾತು ಬೇಕಾ ನಿಮಗೆ?"

ಕತ್ತರಿಯಣ್ಣ ತಲೆ ಆಡಿಸಿದ ರಭಸಕ್ಕೆ ಕೊರಳ ಬಟ್ಟೆ ಕಳಚಿತು. ಅದಕ್ಕೆ ಯಾರೂ ಅರ್ಥ ಹೇಳಬೇಕಿರಲಿಲ್ಲ.

"ಆದ್ರೆ ದಿನಾ ಎರಡು ಹೊತ್ತು ಕುತ್ತಿಗೆ ತೂತಿನೊಳಗೆ ಸಣ್ಣ ಬ್ರಷ್ ಹಾಕಿ ವಾಲ್ವ್ ತೊಳೀಬೇಕು. ಇಲ್ಲದಿದ್ರೆ ಕಟ್ಕೊಳ್ಳುತ್ತೆ, ಕುಡಿದ ನೀರು ಶ್ವಾಸಕೋಶಕ್ಕೆ ಸೋರುತ್ತೆ. ಇವರ ಎಡಗೈಲಿ ಕನ್ನಡಿ ನಿಲ್ಲಲ್ಲ, ಇವರಿಂದಾಗಲ್ಲ. ಮನೇಲಿ ಯಾರು ಮಾಡ್ತೀರಾ?"

ಮಾತು ಬಂದರೆ ಏನೇನು ಬರುತ್ತದೆ ಎಂಬುದು ಆ ಕೋಣೆಯಲ್ಲಿ ಮೆಲ್ಲಕ್ಕ ಒಬ್ಬಳಿಗೇ ಗೊತ್ತಿತ್ತು.

"ನನಗೆ ಕಣ್ಣು ಮಂಜು ಡಾಕ್ಟ್ರೇ. ಸೂಜಿಗೆ ದಾರ ಪೋಣಿಸೋಕೂ ಆಗಲ್ಲ. ನನ್ನ ಕೈಲಾಗೋದಿಲ್ಲ."

ಬೆಳಿಗ್ಗೆಯಷ್ಟೇ ಗಂಡನ ಅಂಗಿಗೆ ಗುಂಡಿ ಹೊಲಿದವಳು. ಕತ್ತರಿಯಣ್ಣ ಅವಳನ್ನೇ ನೋಡಿದ. ಅವಳು ಗೋಡೆಯ ಮೇಲಿದ್ದ ಗಂಟಲಿನ ಚಿತ್ರ ನೋಡಿದಳು.

"ಹಾಗಾದ್ರೆ ಸದ್ಯಕ್ಕೆ ಬೇಡ" ಎಂದರು ಡಾಕ್ಟರು.

ಬಾಗಿಲ ಬಳಿ ನಿಂತಿದ್ದ ಸೊಸೆ ಮುಂದೆ ಬಂದಳು. "ನಾನು ಮಾಡ್ತೀನಿ ಸರ್. ನನಗೆ ತೋರಿಸಿಕೊಡಿ."

"ನೀನ್ಯಾಕಮ್ಮಾ? ಕೆಲಸಕ್ಕೆ ಹೋಗೋಳು" ಎಂದಳು ಮೆಲ್ಲಕ್ಕ.

"ಇರಲಿ ಅತ್ತೆ. ಮಾವ ನನ್ನನ್ನ ಮಗಳ ಹಾಗೆ ನೋಡ್ತಾರೆ ಅಂತ ನೀವೇ ಹೇಳ್ತೀರಲ್ಲ. ಇಷ್ಟಾದ್ರೂ ಮಾಡ್ಬೇಡ್ವಾ?"

ತಾನೇ ಕಲಸಿದ ಹಿಟ್ಟು ಕೈಗೆ ಅಂಟಿತು.

ವಾಲ್ವ್ ಹಾಕಿದರು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳಿದ್ದಳು. ಉಸಿರು ತೆಗೆದುಕೊಳ್ಳುವುದು, ಹೆಬ್ಬೆರಳಿನಿಂದ ತೂತು ಮುಚ್ಚುವುದು, ಆಮೇಲೆ 'ಆ' ಎನ್ನುವುದು. ಮೊದಮೊದಲು ನೀರು ತುಂಬಿದ ಕೊಳವೆಯಂತೆ ಗೊರಗೊರ ಸದ್ದು ಬಂತೇ ಹೊರತು ಮಾತಾಗಲಿಲ್ಲ. ಹಿಂದಿನ ಕೋಣೆಯಿಂದ ದಿನವಿಡೀ ಆ ಗೊರಗೊರ ಕೇಳುತ್ತಿತ್ತು. ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಟಾರ್ಚು ಹಿಡಿದು, ಬ್ರಷ್ಷಿನಲ್ಲಿ ವಾಲ್ವ್ ತೊಳೆದು, "ಇವತ್ತು ಚೆನ್ನಾಗಿದೆ ಮಾವ" ಎಂದು ಹೇಳಿ ಹೋಗುತ್ತಿದ್ದಳು.

ಒಮ್ಮೆ ಮೆಲ್ಲಕ್ಕ ಬಾಗಿಲು ಹಾಕಿಕೊಂಡು ಗಂಡನ ಮುಂದೆ ಕೂತು ಕೇಳಿಯೂಬಿಟ್ಟಳು. "ರೀ, ಮಾತು ಬಂದ ಮೇಲೆ ಮಗನ ಹತ್ರ ಸ್ವಲ್ಪ ನಿಧಾನವಾಗಿ ಮಾತಾಡ್ರಿ. ಅವನು ಉಳ್ಕೊಂಡಿರೋದೇ ಹೆಚ್ಚು."

ಅವನು ಹೆಬ್ಬೆರಳು ಎತ್ತುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ತುಟಿಯಲ್ಲೇ ಹೇಳಿದ. ನನಗೆ ಬುದ್ಧಿ ಹೇಳೋಷ್ಟು ದೊಡ್ಡವಳಾದ್ಯಾ?

ಅಂಗಡಿ ರಜೆಯ ದಿನ ಮಧ್ಯಾಹ್ನ ಕತ್ತರಿಯಣ್ಣ ತಾನಾಗಿ ಬಾಗಿಲು ತೆಗೆದು ಹೊರಗೆ ಬಂದ. ಒಗೆದ ಅಂಗಿ, ಕೊರಳಿಗೆ ಬಿಳೀ ಬಟ್ಟೆ. ಊಟದ ಮೇಜಿನಲ್ಲಿ ತನ್ನ ಹಳೆಯ ಜಾಗಕ್ಕೆ ನಡೆದ. ಮಗ ಎದ್ದು ನಿಂತು, ಕುರ್ಚಿ ಸರಿಸಿ ಕೊಟ್ಟ. ಸೊಸೆ ಬಟ್ಟಲು ತಂದಿಟ್ಟಳು. ಮಗನ ಮುಖದಲ್ಲಿ ಹಬ್ಬ.

"ಅಪ್ಪಾ, ನಾಳೆ ಅಂಗಡಿಗೆ ಬನ್ನಿ. ನೀವು ಹೇಳಿದ ಹಾಗೇ ಎಲ್ಲಾ ಮಾಡಿದೀನಿ."

ಕತ್ತರಿಯಣ್ಣ ಹೆಬ್ಬೆರಳನ್ನು ಕೊರಳಿಗೆ ಒತ್ತಿದ. ದಪ್ಪ, ಒರಟು ದನಿ, ಯಾರೋ ಬೇರೆಯವರದು ಎಂಬಂತೆ. ಆದರೆ ಮಾತು ಸ್ಪಷ್ಟವಾಗಿತ್ತು.

"ನಾನೇನು ಹೇಳ್ದೆ?"

"ಅದೇ, ಕನ್ನಡಿ, ಕುರ್ಚಿ..."

"ಯಾವ ಕುರ್ಚಿ?"

"ನಿಮ್ಮ ಹಳೇದು ತೆಗೆದು ಹೊಸದು ಹಾಕು ಅಂದ್ರಲ್ಲ."

"ತೆಗೆದ್ಯಾ?"

"ಗುಜರಿಗೆ ಹಾಕ್ದೆ. ನೀವೇ ಇಷ್ಟದ ಹಾಗೆ ಮಾಡು ಅಂದ್ರಿ ಅಂತ..." ಮಗ ಅಮ್ಮನ ಕಡೆ ತಿರುಗಿದ.

"ನಾನು ಹೇಳಿಲ್ಲ."

ಮೆಲ್ಲಕ್ಕ ಕೈಯಲ್ಲಿದ್ದ ಸೌಟು ಪಾತ್ರೆಯಲ್ಲಿಟ್ಟಳು. "ಊಟ ಮಾಡಿ, ಆರಿಹೋಗುತ್ತೆ" ಎಂದಳು.

"ತಡಿ ಅಮ್ಮ." ಮಗ ಅಪ್ಪನ ಎದುರು ಬಾಗಿ ನಿಂತ. "ಆಸ್ಪತ್ರೇಲಿ, ಕೈ ಎತ್ತಿದ್ದು ತಪ್ಪಾಯ್ತು ಅಂದಿದ್ದು?"

ಹೆಬ್ಬೆರಳು ಕೊರಳಿಗೆ ಹೋಯಿತು. "ಹೇಳಿಲ್ಲ."

"ಅಂಗಡಿ ನನ್ನದು ಅಂದಿದ್ದು?"

"ಹೇಳಿಲ್ಲ."

"ಮಾವ," ಎಂದಳು ಸೊಸೆ. "ನನ್ನ ಅಡುಗೆ..."

ಕತ್ತರಿಯಣ್ಣ ಅವಳ ಕಡೆ ನೋಡಲೂ ಇಲ್ಲ. "ಮಣ್ಣು."

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಕೋಣೆಗೆ ಹೋದಳು. ಮಗ ಇನ್ನೂ ಅಲ್ಲೇ ನಿಂತಿದ್ದ. ಕೇಳಬಾರದಿತ್ತು. ಕೇಳಿದ.

"ಅವತ್ತು ನಿಮಗೆ ಶೇವ್ ಮಾಡಿದೆ. ನನ್ನ ಕೈ ನಿಮಗಿಂತ ಹಗುರ ಅಂದ್ರಂತೆ. ಅದು?"

ಮೆಲ್ಲಕ್ಕ ಗಂಡನ ಮುಖ ನೋಡಿದಳು. ಹೇಳಿ, ಅದೊಂದನ್ನಾದರೂ ಹೇಳಿ ಎಂದು ಕಣ್ಣಲ್ಲೇ ಬೇಡಿದಳು. ಅವನಿಗೆ ಅವಳು ಬೇಡುತ್ತಿರುವುದು ತಿಳಿಯಿತು. ತಿಳಿಯಿತು ಎಂಬುದು ಅವಳಿಗೂ ಗೊತ್ತಾಯಿತು. ಹೆಬ್ಬೆರಳು ಸ್ವಲ್ಪ ಹೊತ್ತು ಮೇಜಿನ ಮೇಲೇ ಇತ್ತು. ಆಮೇಲೆ ಮೇಲೆದ್ದಿತು.

"ಅದೂ ಹೇಳಿಲ್ಲ."

"ಸುಳ್ಳು!" ಮೆಲ್ಲಕ್ಕ ಕೂಗಿದಳು. ಆ ಮನೆಯಲ್ಲಿ ಅವಳು ಕೂಗಿದ್ದು ಅದೇ ಮೊದಲು. "ಅದು ಮಾತ್ರ ಹೇಳಿದ್ರು ಮಗಾ. ಉಳಿದಿದ್ದೆಲ್ಲಾ ನಾನೇ ಹೇಳಿದ್ದು, ಒಪ್ಕೋತೀನಿ. ಇದು ನಿಜ. ದೇವರಾಣೆ ನಿಜ."

"ಅವತ್ತೂ ಆಣೆ ಹಾಕಿದ್ದೆ" ಎಂದ ಮಗ.

"ಅವತ್ತೂ ನಿಜಾನೇ ಹೇಳಿದ್ದು!"

"ನಿನ್ನನ್ನ ನಂಬಿ ಆಸ್ಪತ್ರೇಲಿ ಎಲ್ಲರೆದುರು ಅತ್ತೆನಲ್ಲಮ್ಮ. ನನ್ನನ್ನ ಕೋಡಂಗಿ ಮಾಡಿದೆ."

"ನೀನು ಮನೆ ಬಿಟ್ಟು ಹೋಗ್ಬಾರ್ದು ಅಂತ..."

"ಅವರಾದ್ರೂ ಎದುರಿಗೇ ಬೈದ್ರು, ಎದುರಿಗೇ ಹೊಡೆದ್ರು. ನೀನು?"

ಕತ್ತರಿಯಣ್ಣ ಬಟ್ಟಲು ಹತ್ತಿರ ಎಳೆದುಕೊಂಡು ಉಣ್ಣತೊಡಗಿದ. ಪೂರ್ತಿ ಉಂಡ.

ಮರುದಿನ ಬೆಳಿಗ್ಗೆ ಅಪ್ಪ ಮಗ ಇಬ್ಬರೂ ಸೇರಿ ಗುಜರಿ ಅಂಗಡಿಗೆ ಹೋದರು, ಕುರ್ಚಿ ಸಿಗುತ್ತದೇನೋ ಎಂದು. ಅದು ಯಾವತ್ತೋ ಕರಗಿಹೋಗಿತ್ತು. ದಾರಿಯುದ್ದಕ್ಕೂ ಜಗಳವಾಡಿದರು, ಬರುವಾಗಲೂ ಜಗಳವಾಡಿದರು. ಆದರೂ ಇಬ್ಬರೂ ಒಟ್ಟಿಗೆ ನಡೆದುಕೊಂಡು ಬಂದದ್ದನ್ನು ಮೆಲ್ಲಕ್ಕ ಕಿಟಕಿಯಿಂದ ನೋಡಿದಳು. ಎಷ್ಟೋ ವರ್ಷಗಳಿಂದ ಆಗದ ಕೆಲಸ. ಅವಳು ಸುಳ್ಳುಗಾತಿ ಎಂಬ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಅಭಿಪ್ರಾಯವಾಗಿತ್ತು.

ಕತ್ತರಿಯಣ್ಣ ಈಗ ದಿನಾ ಅಂಗಡಿಗೆ ಹೋಗುತ್ತಾನೆ. ಕತ್ತರಿ ಹಿಡಿದರೆ ಮಾತಿಲ್ಲ, ಮಾತಾಡಬೇಕೆಂದರೆ ಒಂದು ಕೈ ಕೊರಳಿಗೇ ಬೇಕು. ಅವನು ಮಾತನ್ನೇ ಆರಿಸಿಕೊಂಡ. ಕೂದಲು ಹಾರದ ಕಡೆ, ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು, ಹೆಬ್ಬೆರಳು ಒತ್ತಿಕೊಂಡು, "ಕಿವಿ ಹಿಂದೆ ಬಿಟ್ಟಿದೀಯಲ್ಲೋ ಕುರುಡ" ಎಂದು ಮಗನನ್ನು ಬೈಯುತ್ತಾನೆ. ಮಗ ತಿರುಗಿ ಬೈಯುತ್ತಾನೆ. ಹಳೆಯ ಗಿರಾಕಿಗಳು ಮಜಾ ನೋಡಲು ಮತ್ತೆ ಬರತೊಡಗಿದ್ದಾರೆ.

ತಿಂಗಳು ಮುಗಿಯುವ ಹೊತ್ತಿಗೆ ಮಗ ಸೊಸೆ ಸಾಮಾನು ಕಟ್ಟಿದರು. ಹಟ ಹಿಡಿದದ್ದು ಸೊಸೆ. "ಬೈಯೋರ ಜೊತೆ ಇರಬಹುದು. ನನ್ನ ಮುಂದೆ ನಗ್ತಾ ಸುಳ್ಳು ಹೇಳೋರ ಜೊತೆ ಇರೋಕಾಗಲ್ಲ" ಎಂದಳಂತೆ. ಹೊರಡುವಾಗ ಮೆಲ್ಲಕ್ಕನ ಕೈಗೆ ಟಾರ್ಚು, ಬ್ರಷ್ಷು ಕೊಟ್ಟಳು.

"ಎರಡು ಹೊತ್ತು ತೊಳೀರಿ ಅತ್ತೆ. ನಿಮಗೆ ಕಣ್ಣು ಚೆನ್ನಾಗಿ ಕಾಣುತ್ತೆ."

ಮೆಲ್ಲಕ್ಕ ಕೈ ಚಾಚಿ ತೆಗೆದುಕೊಂಡಳು. ಅವರ ಗಾಡಿ ತಿರುವು ದಾಟುವ ತನಕ ಬಾಗಿಲಲ್ಲೇ ನಿಂತಿದ್ದಳು.

ಈಗ ಬೆಳಿಗ್ಗೆ ಸಂಜೆ ಅವನ ದನಿ ತೊಳೆಯುವ ಕೆಲಸ ಅವಳದು. ಕೊರಳ ಬಟ್ಟೆ ಸರಿಸಿ ಕೂರುತ್ತಾನೆ. ಕೊಳೆ ತೆಗೆದು, ನೀರು ಕುಡಿಸಿ, ಸೋರುವುದಿಲ್ಲ ಎಂದು ನೋಡುತ್ತಾಳೆ. ತೊಳೆದ ಮೇಲೆ ಅವನು ದನಿ ಸರಿಯಿದೆಯೋ ಎಂದು ಪರೀಕ್ಷಿಸುವುದು ಅವಳನ್ನು ಬೈದೇ. ಊಟಕ್ಕೆ ಎರಡು ತಟ್ಟೆ.

ವಾಲ್ವ್ ಬದಲಾಯಿಸುವ ದಿನ ಬಂತು. ಮಗ ಅಂಗಡಿ ಬಿಟ್ಟು ಬರಲಾಗದೆಂದು ಇಬ್ಬರೇ ಆಸ್ಪತ್ರೆಗೆ ಹೋದರು. ಕೆಲಸ ಮುಗಿದ ಮೇಲೆ ಮಾತು ಕಲಿಸುವ ಹುಡುಗಿ ಅವರನ್ನು ಕೂರಿಸಿಕೊಂಡು, ರೂಢಿಯಂತೆ ಮನೆಯವರನ್ನು ಕೇಳಿದಳು.

"ಹೇಗಿದಾರಮ್ಮಾ ಮನೇಲಿ? ಊಟ ಸರಿಯಾಗಿ ಮಾಡ್ತಾರಾ?"

ಮೆಲ್ಲಕ್ಕ ಬಾಯಿ ತೆರೆಯುವಷ್ಟರಲ್ಲಿ ಗಂಡನ ಹೆಬ್ಬೆರಳು ಕೊರಳಿಗೆ ಹೋಯಿತು.

"ಅವಳನ್ನ ಕೇಳ್ಬೇಡಿ. ಅವಳು ಸುಳ್ಳು ಹೇಳ್ತಾಳೆ."

ಹುಡುಗಿ ಅದನ್ನು ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದಳು. "ಅಬ್ಬಾ, ಎಷ್ಟು ಉದ್ದದ ಮಾತು! ಒಂದೇ ಉಸಿರಲ್ಲಿ! ಒಂದೊಂದು ಅಕ್ಷರಾನೂ ಎಷ್ಟು ಸ್ಪಷ್ಟ! ನಮ್ಮಲ್ಲಿ ಯಾರಿಗೂ ಇಷ್ಟು ಬೇಗ ಇಷ್ಟು ಚೆನ್ನಾಗಿ ಬಂದಿಲ್ಲ ಗೊತ್ತಾ?" ಎಂದು ಮೆಲ್ಲಕ್ಕನ ಕೈ ಹಿಡಿದುಕೊಂಡಳು. "ನಿಮಗಂತೂ ತುಂಬಾ ಸಂತೋಷ ಆಗಿರಬೇಕಲ್ವಾಮ್ಮಾ?"

ಮೆಲ್ಲಕ್ಕ ಹುಡುಗಿಯ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಮಡಿಲಲ್ಲಿದ್ದ ಟಾರ್ಚನ್ನೂ ಬ್ರಷ್ಷನ್ನೂ ಚೀಲಕ್ಕೆ ಹಾಕಿದಳು.

"ಅವರನ್ನೇ ಕೇಳಿ" ಎಂದಳು.